ಜೋಡಿ ಗಾಲಿಯೂ ಎಚ್ಚರಿಕೆಯೂ

ಕಲಾ ವಿಭಾಗದ ವಿದ್ಯಾರ್ಥಿಗೆ ಟ್ರಾಕ್ಟರಿನ ಗಾಲಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ತರಗತಿಯಲ್ಲಿ ಹೊಲಗದ್ದೆಗಳಿಂದ ಬಂದವರೇ ಹೆಚ್ಚು. ರಜೆಗೆ ಊರು ಸೇರಿದೊಡನೆ ಪುಸ್ತಕವನ್ನು ಕೆಳಗಿಟ್ಟು ಟ್ರಾಕ್ಟರನ್ನು ಏರುವವರೂ ನಾವೇ. ಆದುದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಜಮೀನಿನಲ್ಲಿ ಮೇಲೆ ಇಳಿಜಾರಿನ ಹೊಲ, ಕೆಳಗೆ ಜೇಡಿಮಣ್ಣಿನ ಗದ್ದೆ. ಹೋದ ಮಳೆಗಾಲದಲ್ಲಿ ನಮ್ಮಣ್ಣನ ಸಣ್ಣ ಟ್ರಾಕ್ಟರು ಬದುವಿನ ಬಳಿ ಜಾರಿ ಮಗುಚಿಕೊಂಡಿತು. ಪುಣ್ಯಕ್ಕೆ ಅವನ ತೋಳಿನ ಮೂಳೆ ಮುರಿದುದರಲ್ಲಿಯೇ ಮುಗಿಯಿತು. ಗುಣವಾದ ಮೇಲೆ ಅವನು ಹಿಂದಿನ ಒಂದೊಂದು ಗಾಲಿಯ ಪಕ್ಕಕ್ಕೂ ಇನ್ನೊಂದೊಂದು ಗಾಲಿಯನ್ನು ಹಾಕಿಸಿದನು.

ಇದರಿಂದ ಲಾಭವಿಲ್ಲವೆಂದು ನಾನು ಹೇಳಲಾರೆ. ಮಣ್ಣಿನ ಬಲಕ್ಕೆ ಎರಡು ಮೂಲಗಳೆಂದು 18ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಕೂಲಂಬ್ ಎಂಬ ಎಂಜಿನಿಯರನು ತೋರಿಸಿದನು: ಒಂದು ಅಂಟು, ಇನ್ನೊಂದು ಘರ್ಷಣೆ. ಒದ್ದೆ ಜೇಡಿಮಣ್ಣಿನಲ್ಲಿ ಅಂಟೇ ಮುಖ್ಯ. ಅಲ್ಲಿ ಗಾಲಿ ತುಳಿಯುವ ಜಾಗ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಹೂತುಕೊಳ್ಳುವುದೂ ಕಡಮೆ. ಒಣ ಮರಳಿನಲ್ಲಾದರೋ ಘರ್ಷಣೆಯೇ ಮುಖ್ಯ. ಅಲ್ಲಿ ಅಗಲಕ್ಕಿಂತ ಭಾರವೇ ಕೆಲಸಕ್ಕೆ ಬರುವುದು. ಟೈರಿಗೆ ನೀರು ತುಂಬುವುದೂ, ಗಾಲಿಗೆ ಕಬ್ಬಿಣದ ತೂಕ ಕಟ್ಟುವುದೂ ಇದಕ್ಕಾಗಿಯೇ.

ಇನ್ನು ಸ್ಥಿರತೆಯ ಮಾತು. ಹಿಂದಿನ ಗಾಲಿಗಳ ಹೊರ ಅಂಚುಗಳ ನಡುವೆ 4 ಅಡಿ ಅಗಲವಿದ್ದು, ಭಾರಕೇಂದ್ರ ನೆಲದಿಂದ 2 ಅಡಿ ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಲೆಕ್ಕದಂತೆ ಟ್ರಾಕ್ಟರು 45 ಡಿಗ್ರಿ ವಾಲಿದರೆ ಮಗುಚುವುದು. ಜೋಡಿ ಗಾಲಿಯಿಂದ ಅಗಲ 6 ಅಡಿಯಾದರೆ ಸುಮಾರು 56 ಡಿಗ್ರಿಯವರೆಗೆ ತಡೆಯಬೇಕು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಮುಂದಿನ ಅಚ್ಚು ನಡುವೆ ಒಂದು ಗೂಟದ ಮೇಲೆ ತೂಗುತ್ತಿರುವುದರಿಂದ ಮುಂದಿನ ಗಾಲಿಗಳು ಮೊದಲಿಗೆ ಆಸರೆ ಕೊಡುವುದಿಲ್ಲ. ಮೇಲಿನ ಗಾಲಿ ಕಲ್ಲನ್ನೇರಿದರೆ, ಕೆಳಗಿನದು ಗುಂಡಿಗಿಳಿದರೆ, ವೇಗವಾಗಿ ತಿರುಗಿಸಿದರೆ, ಈ ಲೆಕ್ಕ ನಿಲ್ಲುವುದಿಲ್ಲ.

ಹಿಂದಕ್ಕೆ ಮಗುಚುವ ಅಪಾಯಕ್ಕಂತೂ ಜೋಡಿ ಗಾಲಿ ಮದ್ದೇ ಅಲ್ಲ. ಮರದ ದಿಮ್ಮಿಯನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ, ಗಾಲಿ ಗಟ್ಟಿಯಾಗಿ ಹಿಡಿದಷ್ಟೂ ಮೂತಿ ಮೇಲೇಳುವ ಸಂಭವ ಹೆಚ್ಚು. ಇದಲ್ಲದೆ ಹೊರಗಿನ ಗಾಲಿಯ ಹೊರೆ ಅಚ್ಚಿನ ಮೇಲೂ ಬೇರಿಂಗುಗಳ ಮೇಲೂ ಬೀಳುತ್ತದೆ. ಸಾಲು ಬೆಳೆಯ ನಡುವೆ ಕಳೆ ತೆಗೆಯುವಾಗ ಅದು ಬೆಳೆಯನ್ನೇ ತುಳಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೇಡನ್ನು ನಾನು ಮನೆಯಲ್ಲಿಯೇ ಕಂಡೆನು. ಹಿಂದೆ ಬದುವಿನಿಂದ ಎರಡು ಮಾರು ದೂರದಲ್ಲಿ ಉಳುತ್ತಿದ್ದ ಅಣ್ಣ ಈಗ ಅದರ ಅಂಚಿಗೇ ಹೋಗುತ್ತಾನೆ. “ಬೇಡ ಅಣ್ಣ” ಎಂದರೆ, “ಹಿಂದೆ ನಾಲ್ಕು ಗಾಲಿ ಇದೆಯಲ್ಲೋ, ಏನಾಗುತ್ತೆ?” ಎನ್ನುತ್ತಾನೆ. ಗಾಲಿ ಕೊಟ್ಟ ಭದ್ರತೆಯನ್ನು ಅವನ ಧೈರ್ಯವು ಅಷ್ಟಕ್ಕಷ್ಟು ತಿಂದುಹಾಕಿದೆ. ಮಳೆಯಲ್ಲಿ ನೆನೆದ ಬದು ಕುಸಿದರೆ ಎರಡು ಗಾಲಿಯೇನು, ನಾಲ್ಕೇನು?

ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ಟ್ರಾಕ್ಟರು ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ಟ್ರಾಕ್ಟರು ಎಂದೂ ಮಗುಚದೆಂದು ಅವರು ನಂಬಲಿಲ್ಲ. ಮಗುಚಿದರೂ ಮನುಷ್ಯ ಉಳಿಯಬೇಕೆಂದು ಯೋಚಿಸಿದರು. ನಾವು ಕಲಿಯಬೇಕಾದುದು ಈ ವಿವೇಕವನ್ನು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಕೈಯಲ್ಲಿರುವ ಹಣ ಮೊದಲು ಚೌಕಟ್ಟಿಗೂ ಸೊಂಟದ ಪಟ್ಟಿಗೂ ಸಲ್ಲಲಿ. ಇರುವ ಗಾಲಿಗಳನ್ನೇ ಹೊರಮುಖವಾಗಿ ತಿರುಗಿಸಿ ಅಗಲ ಹೆಚ್ಚಿಸಲು ಬರುವುದಾದರೆ ಅದು ಎರಡನೆಯದು. ಜೋಡಿ ಗಾಲಿ ಆಮೇಲೆ ಬರಲಿ; ಅದೂ ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ. ಗೆಳೆಯರೇ, ಈ ರಜೆಯಲ್ಲಿ ಇಳಿಜಾರಿಗೆ ಟ್ರಾಕ್ಟರನ್ನು ಇಳಿಸುವ ಮುನ್ನ ಒಮ್ಮೆ ಆ ನೆಲದ ಮೇಲೆ ನಡೆದು ನೋಡಿ. ಅದಕ್ಕೆ ಕಾಸೂ ಖರ್ಚಿಲ್ಲ.