ಪದವಿಚಾರ: ‘ಬೋರ್ಡು’ ಎಂಬ ಹಲಗೆ

ಶಾಲೆಯಲ್ಲಿ ಕರಿಯ ಬೋರ್ಡು, ಅಂಗಡಿಯ ಮುಂದೆ ಹೆಸರಿನ ಬೋರ್ಡು, ಮನೆಯ ಮಕ್ಕಳಿಗೆ ಕೇರಂ ಬೋರ್ಡು. ಇವೆಲ್ಲವೂ ಹಲಗೆಗಳೇ ಆದುದರಿಂದ ಯಾರಿಗೂ ಸಂದೇಹ ಬಾರದು. ಆದರೆ 1905ರಲ್ಲಿ ರಚಿತವಾದ ರೈಲ್ವೆ ಬೋರ್ಡಿನಲ್ಲಿ ಹಲಗೆ ಎಲ್ಲಿದೆ? ಊಟ ವಸತಿಗಳ ‘ಬೋರ್ಡಿಂಗ್’ನಲ್ಲಿ ಎಲ್ಲಿದೆ? ನಿಘಂಟು ಅರ್ಥಗಳನ್ನು ಒಂದು, ಎರಡು ಎಂದು ಎಣಿಸುತ್ತ ಹೋಗುತ್ತದೆ. ವಿದ್ಯಾರ್ಥಿಯು, ಪಾಪ, ಕಂಠಪಾಠ ಮಾಡುತ್ತಾನೆ. ಅರ್ಥಗಳ ನಂಟನ್ನು ತಿಳಿದರೆ ಆ ಶ್ರಮವೇ ಬೇಡ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಊಟದ ಮೇಜೆಂದರೆ ಕವಲುಗಾಲುಗಳ ಮೇಲೆ ಹಾಸಿದ ಉದ್ದನೆಯ ಹಲಗೆ. ಊಟ ಮುಗಿದೊಡನೆ ಅದನ್ನು ಎತ್ತಿಡುತ್ತಿದ್ದರು. ಹೀಗೆ ಹಲಗೆಯೇ ಮೇಜಾಯಿತು. ಮೇಜಿನ ಹೆಸರು ಅದರ ಮೇಲೆ ಬಡಿಸಿದ ಊಟಕ್ಕೂ ಬಂದಿತು. ಬೋರ್ಡಿಂಗ್ ಶಾಲೆಯೆಂದರೆ ಅನ್ನವಿಕ್ಕುವ ಶಾಲೆ. ಮೇಜಿನ ಸುತ್ತ ಕುಳಿತು ಆಲೋಚಿಸುವವರೂ ಬೋರ್ಡೆನಿಸಿಕೊಂಡರು.

1857ಕ್ಕೆ ಮುಂಚೆ ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳು ಕ್ರೌರ್ಯ, ವ್ಯಭಿಚಾರಗಳ ಕಾರಣದಿಂದ ದಂಪತಿಗಳನ್ನು ‘ಬೆಡ್ ಅಂಡ್ ಬೋರ್ಡ್’ನಿಂದ, ಎಂದರೆ ಹಾಸಿಗೆ ಊಟಗಳಿಂದ, ಬೇರ್ಪಡಿಸುತ್ತಿದ್ದವು. ಮದುವೆ ಮಾತ್ರ ಮುರಿಯುತ್ತಿರಲಿಲ್ಲ. ನೊಂದ ಹೆಂಗಸು ಮತ್ತೆ ಮದುವೆಯಾಗುವಂತಿರಲಿಲ್ಲ. ಒಂದೇ ಹಲಗೆಯ ಮೇಲೆ ಉಣ್ಣುವುದನ್ನು ದಾಂಪತ್ಯದ ಅರ್ಧಭಾಗವೆಂದು ಆ ಕಾನೂನು ಬಗೆದಿತ್ತು. ಹಸೆಮಣೆಯನ್ನು ಬಲ್ಲ ನಮಗೆ ಇದು ತೀರ ವಿಚಿತ್ರವಲ್ಲ. ನಮ್ಮ ಮಣೆಯೂ ಹಲಗೆಯೇ ತಾನೆ! ಉಣ್ಣಲು ಕೂಡುವುದು ಮಣೆ, ಆಡುವುದು ಚೆನ್ನೆಮಣೆ, ಆದರಿಸುವುದೆಂದರೆ ಮಣೆ ಹಾಕುವುದು. ಆದರೆ ಮಣೆ ಸಭೆಯಾಗಲಿಲ್ಲ. ಅದಕ್ಕೆ ನಾವು ‘ಮಂಡಲಿ’ ಎಂದೆವು. ಅವರು ಮೇಜನ್ನು ಕಂಡರೆ ನಾವು ಸುತ್ತ ಕುಳಿತವರ ವೃತ್ತವನ್ನು ಕಂಡೆವು. ನನಗಂತೂ ನಮ್ಮ ಮಾತೇ ಹಿತ.

ಹಡಗಿನ ‘ಬೋರ್ಡ್’ನ ಕಥೆ ಬೇರೆ. ಪ್ರಾಚೀನ ಇಂಗ್ಲಿಷಿನಲ್ಲಿ ಇದೇ ರೂಪದ ಇನ್ನೊಂದು ಶಬ್ದವಿದ್ದು, ಅದಕ್ಕೆ ಅಂಚು, ಹಡಗಿನ ಮಗ್ಗುಲು ಎಂದರ್ಥ. ಕಾಲಕ್ರಮದಲ್ಲಿ ಎರಡೂ ಬೆರೆತುಹೋದವು. ಹಡಗಿನ ಮಗ್ಗುಲನ್ನೇರಿ ಒಳಹೊಕ್ಕವನು ‘ಆನ್ ಬೋರ್ಡ್’. ಇಂದು ರೈಲು, ವಿಮಾನಗಳನ್ನು ಹತ್ತುವವರಿಗೂ ಅದೇ ಮಾತು. ಹಿಂದೆ ಹಡಗನ್ನು ತಿರುಗಿಸುವ ಹುಟ್ಟನ್ನು ಬಲಮಗ್ಗುಲಿಗೆ ಕಟ್ಟುತ್ತಿದ್ದರಾಗಿ ಆ ಭಾಗ ‘ಸ್ಟಾರ್‌ಬೋರ್ಡ್’ ಆಯಿತು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಸ್ಟಿಯರ್’ ಎಂಬ ಕ್ರಿಯಾಪದವೇ ಅಲ್ಲಿ ಅಡಗಿದೆ. ಎಡಮಗ್ಗುಲಿಗೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಬಿರುಗಾಳಿಯ ಮೊರೆತದಲ್ಲಿ ಇವೆರಡೂ ಒಂದೇ ಎಂಬಂತೆ ಕೇಳಿಸುತ್ತಿದ್ದವು. ಬಲವೆಂದುದು ಎಡವೆಂದು ಕೇಳಿಸಿದರೆ ಹಡಗು ಬಂಡೆಗೆ ಬಡಿಯಬಹುದು! 1844ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಲಾರ್‌ಬೋರ್ಡ್’ ಎಂಬ ಮಾತನ್ನೇ ಕೈಬಿಟ್ಟು, ಎಡಕ್ಕೆ ‘ಪೋರ್ಟ್’ ಎನ್ನಬೇಕೆಂದು ಆಜ್ಞಾಪಿಸಿತು.