ಪ್ರಾಜೆಕ್ಟ್ ನಡೆಸಲು ಕಲಿಸುವುದು ಹೀಗಲ್ಲ



ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕೆಂಬ ಮಕ್ಕಳಿಗೆ ನಾವು ಬಿಇ ಆದೊಡನೆ ಎಂ.ಟೆಕ್ ಇಲ್ಲವೇ ಎಂಬಿಎ ಮಾಡಿ ಎನ್ನುತ್ತೇವೆ. ಈ ಸಲಹೆಯೇ ತಪ್ಪು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನ ಐದನೇ ಸೆಮಿಸ್ಟರ್‌ಗೇ ‘ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್’ ಇಟ್ಟಿದೆ. ಒಂದು ಪ್ರಾಜೆಕ್ಟನ್ನೂ ಕಾಣದ ಇಪ್ಪತ್ತರ ಹುಡುಗರು ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಸ್ನಾತಕೋತ್ತರ ತರಗತಿಯಲ್ಲೂ ಅದನ್ನೇ ಇನ್ನೊಮ್ಮೆ ಓದಿಸಿದರೆ ಬಂದ ಲಾಭವೇನು?

ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದಷ್ಟೂ ಅದು ಇನ್ನೂ ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ನಮ್ಮ ಅಡಿಕೆ ಕೃಷಿಕರಿಗೆ ಇದು ಹೊಸತಲ್ಲ. ಮಳೆ ಹಿಡಿದು ಕೊಳೆರೋಗ ಕಾಣಿಸಿದ ಮೇಲೆ ಮದ್ದು ಬಿಡಲು ಮರ ಏರಿ ಗೊತ್ತಿಲ್ಲದ ನಾಲ್ವರನ್ನು ಕರೆತಂದರೆ, ಗೊತ್ತಿದ್ದವನ ದಿನವೂ ಅವರಿಗೆ ಹೇಳಿಕೊಡುವುದರಲ್ಲೇ ಮುಗಿಯುತ್ತದೆ.

ಇಂಥ ಪಾಠ ಕೆಲಸ ಮಾಡುತ್ತಲೇ ತಿಳಿಯುವುದು; ಹಾಗೆ ಕಲಿಯಲು ಬೇಕಾದ ಕೆಲಸ ಊರಲ್ಲೇ ಇದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ (ಸೊಸೈಟಿಗಳ) ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಲೆಡ್ಜರಿನಲ್ಲಿರುವ ಸಾಲದ ಬಾಕಿ, ಬಡ್ಡಿ, ಪಾಲು ಬಂಡವಾಳವೆಲ್ಲ ಪೈಸೆ ತಪ್ಪದೆ ಹೊಸ ತಂತ್ರಾಂಶಕ್ಕೆ ಹೋಗಬೇಕು. ಕೌಂಟರಿನಲ್ಲಿ ಸದಸ್ಯರೂ ಕಾಯಬಾರದು. ಇದನ್ನು ಸುಸೂತ್ರವಾಗಿ ಮಾಡಿಸಬಲ್ಲವನೇ ಪ್ರಾಜೆಕ್ಟ್ ಮ್ಯಾನೇಜರ್.

ಪುತ್ತೂರಿನಲ್ಲಿ ವಿವೇಕಾನಂದ, ಸುಳ್ಯದಲ್ಲಿ ಕೆವಿಜಿ ಎಂಜಿನಿಯರಿಂಗ್ ಕಾಲೇಜುಗಳಿವೆ; ಕಡಬದವರೂ ಹೋಗಿಬರಬಹುದು. ಅಲ್ಲಿ ಶನಿವಾರ, ಭಾನುವಾರ ನಡೆಯುವ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಬರಲಿ. ಮೂರು ವರ್ಷವಾದರೂ ದುಡಿದವರಿಗಷ್ಟೇ ಪ್ರವೇಶವಿರಲಿ. ಕೊರೊನಾ ನಂತರ ಊರಿನ ಮನೆಯಿಂದಲೇ ಬೆಂಗಳೂರಿನ ಕಂಪೆನಿಗಳಿಗೆ ದುಡಿಯುವ ಅನುಭವಿಗಳು ಪಾಠ ಮಾಡಲಿ. ಖರ್ಚು, ದಿನಗಳ ಅಂದಾಜು ಹಾಕುವುದು, ಟೆಂಡರ್ ಮತ್ತು ಕರಾರು ಓದುವುದು, ಬಳಸುವವರ ಎದುರು ಕೂತು ತಂತ್ರಾಂಶ ಪರೀಕ್ಷಿಸುವುದು ಪಠ್ಯವಾಗಲಿ. ಕೊನೆಯ ವರ್ಷ ಒಂದು ಸೊಸೈಟಿಯ ಇಲ್ಲವೇ ಪಂಚಾಯತಿನ ನಿಜವಾದ ಕೆಲಸ ಮಾಡಿಸಿ, ಅದರ ಮೇಲೆಯೇ ಅಂಕ ಕೊಡಲಿ. ಸದಸ್ಯರ ಲೆಕ್ಕ ವಿದ್ಯಾರ್ಥಿಗಳ ಕೈಗೆ ಹೇಗೆ ಕೊಡುವುದೆಂಬ ಅಂಜಿಕೆ ನ್ಯಾಯವೇ. ಹೆಸರು, ಖಾತೆ ಸಂಖ್ಯೆ ಬದಲಿಸಿದ ಪ್ರತಿಯ ಮೇಲೆ ಕಲಿತರಾಯಿತು.

ವಿಟಿಯು ಈ ಎರಡರಲ್ಲಿ ಒಂದು ಕಾಲೇಜಿಗಾದರೂ ಪ್ರಾಯೋಗಿಕವಾಗಿ ಇಂಥ ಕೋರ್ಸಿಗೆ ಅನುಮತಿ ಕೊಡಲಿ. ಪಠ್ಯಕ್ರಮ ಬರೆಯಲು ಕೂರುವ ಮೊದಲು ಸೊಸೈಟಿಯ ಗುಮಾಸ್ತರೊಬ್ಬರನ್ನೂ ಕರೆದು ಕೇಳಲಿ.

– ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಾರೆ, ಸುಳ್ಯ ತಾಲ್ಲೂಕು