ಗೋವೈದ್ಯ ಬರೆದ ಭಾಷೆಗೆ ಗಾಡಿಯ ವೈದ್ಯ ಯಾಕೆ ಬೇಡವಾಯಿತು?

ಕನ್ನಡವನ್ನು ಉಳಿಸಬೇಕು ಎಂಬ ಭಾಷಣಗಳನ್ನು ಜಮಖಂಡಿಯಲ್ಲಿ, ಮುಧೋಳದಲ್ಲಿ ನಾನು ಸಾಕಷ್ಟು ಕೇಳಿದ್ದೇನೆ. ಒಂದರಲ್ಲೂ ಕಾರ್ಬೊರೇಟರ್ ಎಂಬ ಶಬ್ದ ಬಂದಿಲ್ಲ. ಬರಬೇಕಿತ್ತು ಎಂಬುದೇ ನನ್ನ ತಕರಾರು. ಕವಿತೆಯ ಕನ್ನಡಕ್ಕೆ ಪ್ರಶಸ್ತಿ ಇದೆ, ಪೀಠ ಇದೆ, ಸಮ್ಮೇಳನದ ಊಟ ಇದೆ. ಇಪ್ಪತ್ತೈದು ವರ್ಷ ಓಡಿದ ಒಂದು ಕಾರನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಲು ಬೇಕಾದ ಕನ್ನಡಕ್ಕೆ ಏನೂ ಇಲ್ಲ. ಅದು ಕೆಲವು ಮಿಸ್ತ್ರಿಗಳ ಕೈಯಲ್ಲಿದೆ. ಆ ಕೈಗಳಿಗೆ ವಯಸ್ಸಾಗಿದೆ.

ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಇದು ಯಾಕೆ ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಎ-48 ಎಂದು ಬರೆದುಕೊಂಡ ಗಾಡಿಗಳು ಜಮಖಂಡಿಯಿಂದ ಮುಧೋಳಕ್ಕೆ, ರಬಕವಿ-ಬನಹಟ್ಟಿಗೆ, ಬೀಳಗಿಗೆ ಓಡಾಡುತ್ತವೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳ ನಡುವೆ ಇವು ಸಂದು ಹುಡುಕಿಕೊಂಡು ಹೋಗುತ್ತವೆ. ಮಾರುತಿ 800, ಆಮ್ನಿ, ಕಮಾಂಡರ್ ಜೀಪು, ಟ್ರ್ಯಾಕ್ಸು, ಅಪರೂಪಕ್ಕೆ ಒಂದು ಅಂಬಾಸಿಡರ್. ಇವನ್ನು ಓಡಿಸುವವರು ಹಳೆಯದರ ಮೋಹಕ್ಕೆ ಬಿದ್ದವರಲ್ಲ. ನಾಲ್ಕು ಮಗ್ಗದ ಯಜಮಾನ ಆಮ್ನಿಯಲ್ಲಿ ಸೀರೆಯ ಗಂಟು ಹಾಕಿಕೊಂಡು ಹೋಗುತ್ತಾನೆ. ನಿವೃತ್ತ ಮಾಸ್ತರರು ಮಡದಿಯನ್ನು ಮಿರಜಿನ ದವಾಖಾನೆಗೆ ಕರೆದೊಯ್ಯಲು 800 ಇಟ್ಟುಕೊಂಡಿದ್ದಾರೆ. ಆ ಗಾಡಿ ನಿಂತರೆ ಅವರ ಮುಂದೆ ಇರುವ ಆಯ್ಕೆ ಹೊಸ ಕಾರಲ್ಲ, ಬಸ್‌ಸ್ಟ್ಯಾಂಡು.

ಗಾಡಿ ನಿಂತಿತು ಅನ್ನಿ. ಮೊದಲು ಊರಿನ ಆಟೊಮೊಬೈಲ್ ಅಂಗಡಿ. ಅಲ್ಲಿ ಇಲ್ಲ. ಬೆಳಗಾವಿ ನೋಡಿರಿ ಅನ್ನುತ್ತಾರೆ. ಬೆಳಗಾವಿಯವರು ಕೊಲ್ಹಾಪುರ ಅನ್ನುತ್ತಾರೆ. ಕೊಲ್ಹಾಪುರದಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಕೊನೆಗೆ ದಿಲ್ಲಿಯ ಕಾಶ್ಮೀರಿ ಗೇಟ್. ಎಲ್ಲ ಕಡೆ ಕೇಳುವ ಮೊದಲ ಪ್ರಶ್ನೆ ಒಂದೇ: ಪಾರ್ಟ್ ನಂಬರ್ ಏನು? ನಂಬರ್ ಇರುವುದು ಪಾರ್ಟ್ಸ್ ಕ್ಯಾಟಲಾಗಿನಲ್ಲಿ, ಕ್ಯಾಟಲಾಗ್ ಇರುವುದು ಕಂಪನಿಯ ಬೀರುವಿನಲ್ಲಿ. ನಾನೇ ಒಮ್ಮೆ ಒಂದು ದೊಡ್ಡ ಶೋರೂಮಿಗೆ ಹೋಗಿ, ನನ್ನ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನ ಎರಡು ಪುಟಗಳ ಝೆರಾಕ್ಸ್ ಕೊಡಿ, ದುಡ್ಡು ಕೊಡುತ್ತೇನೆ ಎಂದು ಕೇಳಿದೆ. ಹೆಸರು ಬೇಡ, ಯಾವ ಶೋರೂಮಿಗೆ ಹೋದರೂ ಉತ್ತರ ಹೆಚ್ಚುಕಡಿಮೆ ಇದೇ ಇರುತ್ತಿತ್ತು. ಕೌಂಟರಿನ ಹುಡುಗ ನಕ್ಕು, "ಸರ್, ಇಷ್ಟು ಹಳೇದ್ಯಾಕ ಇಟ್ಕೊಂಡೀರಿ? ಎಕ್ಸ್‌ಚೇಂಜಿಗೆ ಹಾಕ್ರಿ" ಎಂದ. ಬಿಡಿಭಾಗ ಕೇಳಲು ಹೋದವನಿಗೆ ಸಾಲದ ಕಂತಿನ ಲೆಕ್ಕ ಬರೆದು ಕೊಟ್ಟ.

ಪುಸ್ತಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. ಹಳೆಯ 800 ಮತ್ತು ಆಮ್ನಿ ಎರಡಕ್ಕೂ ಒಂದೇ ಎಂಜಿನ್, ಮೂರು ಸಿಲಿಂಡರಿನ 796 ಸಿಸಿ. ಆಮೇಲೆ ಬಂದ ಆಲ್ಟೊದ್ದೂ 796 ಸಿಸಿಯೇ. ಆದರೆ ಅದರ ಹೆಡ್ಡು ಬೇರೆ, ಸಿಲಿಂಡರಿಗೆ ನಾಲ್ಕು ವಾಲ್ವು, ಹಳೆಯದಕ್ಕೆ ಎರಡೇ. ಬೀಳಗಿಯ ಒಬ್ಬರು 796 ಎಂದಷ್ಟೇ ಹೇಳಿ ದೂರದ ಅಂಗಡಿಯಿಂದ ಹೆಡ್ ಗ್ಯಾಸ್ಕೆಟ್ ತರಿಸಿಕೊಂಡರು. ಬಂದದ್ದು ಆಲ್ಟೊದ್ದು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ, ಗಾಡಿ ಹದಿನೆಂಟು ದಿನ ಗ್ಯಾರೇಜಿನಲ್ಲಿ ನಿಂತಿತು. ಒಂದೇ ಒಂದು ಸಾಲು ಎಲ್ಲಾದರೂ ಕನ್ನಡದಲ್ಲಿ ಬರೆದಿದ್ದರೆ ಆ ಹದಿನೆಂಟು ದಿನ ಉಳಿಯುತ್ತಿದ್ದವು.

ಇದೆಲ್ಲ ಹಳ್ಳಿಗರ ಗೋಳು ಎಂದು ತಳ್ಳಿಹಾಕುವವರಿಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಕೊಟ್ಟ ಆದೇಶವನ್ನು ನೆನಪಿಸಬೇಕು. ಶಂಶೇರ್ ಕಟಾರಿಯಾ ಎಂಬವರು 2011ರಲ್ಲಿ ಸಲ್ಲಿಸಿದ ದೂರು ಅದು: ಕಾರು ಕಂಪನಿಗಳು ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡುವುದಿಲ್ಲ ಎಂದು. ಆಯೋಗ ಹದಿನಾಲ್ಕು ಕಂಪನಿಗಳನ್ನು ತಪ್ಪಿತಸ್ಥರೆಂದು ಹೇಳಿ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು ಎಂದಿತು. ಆಮೇಲೆ ಮೇಲ್ಮನವಿಗಳು ನಡೆದವು. ನನಗೆ ದಂಡಕ್ಕಿಂತ ಹೆಚ್ಚು ನೆನಪಿರುವುದು ಕಂಪನಿಗಳ ಸಮರ್ಥನೆ. ಹೊರಗಿನ ಮೆಕ್ಯಾನಿಕ್ಕುಗಳಿಗೆ ಕೌಶಲ್ಯ ಸಾಲದು, ಅವರ ಕೈಗೆ ಇದನ್ನೆಲ್ಲ ಕೊಟ್ಟರೆ ಸುರಕ್ಷತೆಗೆ ಅಪಾಯ ಎಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಪುಸ್ತಕ ಮುಚ್ಚಿಟ್ಟವರೇ ಓದು ಬಾರದವರು ಎಂದು ಬೈಯುವುದು ನಮ್ಮ ನಾಡಿಗೆ ಹೊಸದಲ್ಲ. ಅಕ್ಷರದ ವಿಷಯದಲ್ಲಿ ಈ ಆಟವನ್ನು ನಾವು ಶತಮಾನಗಟ್ಟಲೆ ನೋಡಿದ್ದೇವೆ, ಅದರ ಬಗ್ಗೆ ಕಥೆ ಕಾದಂಬರಿ ಬರೆದಿದ್ದೇವೆ. ಗ್ರೀಸು ಮೆತ್ತಿದ ಕೈಗೆ ಅದೇ ಅನ್ಯಾಯವಾದಾಗ ನಮ್ಮ ಲೇಖಕರಿಗೆ ಅದು ಕಾಣುವುದಿಲ್ಲ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಎಂಬ ಮಾತೆತ್ತಿ ಸಮಿತಿ ಮಾಡಿತು. ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಇವೆ, ಕೃಷಿ ಯಂತ್ರಗಳೂ ಇವೆ. ಒಳ್ಳೆಯದು. ಆದರೆ ಅದೇ ವರ್ಷ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದಕ್ಕೂ ಹಿಂದಿನ ವರ್ಷ ಬಂದ ವಿಂಟೇಜ್ ವಾಹನಗಳ ನಿಯಮದಲ್ಲಿ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗೆ ವಿಶೇಷ ನಂಬರು, ವಿಶೇಷ ಗೌರವ. ಒಂದೇ ಷರತ್ತು, ಅದನ್ನು ದಿನನಿತ್ಯ ಓಡಿಸಬಾರದು. ಅಂದರೆ ಕೆಲಸ ಮಾಡದ ಹಳೆಯ ಕಾರಿಗೆ ಸನ್ಮಾನ, ಕೆಲಸ ಮಾಡುವ ಹಳೆಯ ಕಾರಿಗೆ ದಂಡ. ನಮ್ಮ ಸಾಹಿತ್ಯ ಪರಂಪರೆಯನ್ನು ನಾವು ನೋಡಿಕೊಳ್ಳುವ ರೀತಿಯೂ ಹೀಗೇ ಇದೆಯಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಇಂಗ್ಲಿಷರು ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದರು. ಜಾನ್ ಹೇನ್ಸ್ ಎಂಬ ವಾಯುಪಡೆಯ ಅಧಿಕಾರಿ ಏಡನ್ನಿನಲ್ಲಿದ್ದಾಗ ಸಹೋದ್ಯೋಗಿಯ ಕಾರನ್ನು ಬಿಚ್ಚಿ ಕೂಡಿಸಲು ನೆರವಾದ. ಕಂಪನಿಯ ಪುಸ್ತಕ ಸಾಮಾನ್ಯರಿಗೆ ಉಪಯೋಗವಿಲ್ಲ ಎಂದು ಕಂಡುಕೊಂಡ. ಬಿಚ್ಚುವ ಒಂದೊಂದು ಹಂತದ ಫೋಟೊ ತೆಗೆದ. ಅದರಿಂದ 1966ರಲ್ಲಿ ಅವನ ಮೊದಲ ವರ್ಕ್‌ಶಾಪ್ ಮ್ಯಾನ್ಯುಯಲ್ ಬಂತು, ಮುಂದೆ ನೂರಾರು ಮಾದರಿಗಳಿಗೆ ಬಂದವು. ನಮ್ಮ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಅದರ 1489 ಸಿಸಿ ಎಂಜಿನ್ ಎಂ.ಜಿ. ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಆ ಎಂಜಿನ್ನಿನ ಒಂದೊಂದು ಬೋಲ್ಟಿನ ಬಿಗಿಯೂ ಇಂಗ್ಲಿಷಿನಲ್ಲಿ ಇವತ್ತಿಗೂ ಸಿಗುತ್ತದೆ. ಅವರು ಆ ಗಾಡಿಯನ್ನು ಎಂದೋ ಬಿಟ್ಟರು, ನಾವು 2014ರವರೆಗೆ ತಯಾರಿಸಿದೆವು. ಮಂತ್ರಿಯಿಂದ ಮದುಮಗನವರೆಗೆ ಎಲ್ಲರೂ ಅದರಲ್ಲಿ ಕೂತರು. ಅದನ್ನು ರಿಪೇರಿ ಮಾಡುವ ಜಮಖಂಡಿಯ ಮಿಸ್ತ್ರಿಗೆ ಅವನ ಭಾಷೆಯಲ್ಲಿ ಒಂದು ಪುಸ್ತಕ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಐಟಿಐ ಪಠ್ಯ ಇದೆಯಲ್ಲ ಅನ್ನಬೇಡಿ. ಎಂಜಿನ್ ಎಂದರೇನು ಎಂದು ಪಠ್ಯಪುಸ್ತಕ ಹೇಳುತ್ತದೆ. ಈ ಎಂಜಿನ್ನನ್ನು ಹೇಗೆ ಬಿಚ್ಚಬೇಕು ಎಂದು ಹೇಳುವ ಪುಸ್ತಕವೇ ಬೇರೆ.

ಕನ್ನಡಕ್ಕೆ ಈ ಕೆಲಸ ಬಾರದೇ? ಬಾರದಿದ್ದರೆ ಸುಮ್ಮನಾಗಬಹುದಿತ್ತು. ಸಾವಿರ ವರ್ಷದ ಹಿಂದೆ ಚಾಲುಕ್ಯರ ಕಾಲದಲ್ಲಿ ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಬರೆದ. ನೆಲದಡಿಯ ನೀರು ಹುಡುಕುವುದು, ಗಿಡ ಬೆಳೆಸುವುದು, ಅಡುಗೆ, ದನಕರುಗಳ ಔಷಧ ಎಲ್ಲ ಅದರಲ್ಲಿದೆ. ಕೀರ್ತಿವರ್ಮ 'ಗೋವೈದ್ಯ' ಬರೆದ. ರಾಜಾದಿತ್ಯ 'ವ್ಯವಹಾರಗಣಿತ' ಬರೆದ. ಮಂಗರಾಜ ವಿಷವೈದ್ಯದ ಮೇಲೆ 'ಖಗೇಂದ್ರಮಣಿದರ್ಪಣ' ಬರೆದ. ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಬಗ್ಗೆ ಬರೆದ. ಇವರೆಲ್ಲ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಇದ್ದಾರೆ, ಎಂ.ಎ. ವಿದ್ಯಾರ್ಥಿಗಳು ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡುತ್ತಾರೆ. ಅಂದು ಎಳೆಯುವುದಕ್ಕೆ, ಸಾಗುವುದಕ್ಕೆ ಎತ್ತು ಕುದುರೆಗಳಿದ್ದವು. ಅವು ಕಾಯಿಲೆ ಬಿದ್ದರೆ ಏನು ಮಾಡಬೇಕೆಂದು ಕನ್ನಡ ಹೇಳಿತು. ಎತ್ತಿನ ಜಾಗಕ್ಕೆ ಎಂಜಿನ್ ಬಂದಾಗ ಕನ್ನಡ ಬಾಯಿ ಮುಚ್ಚಿಕೊಂಡಿತು. ಮುಧೋಳದಲ್ಲಿ ರನ್ನನ ಹೆಸರಿನ ಉತ್ಸವ ಮಾಡುವ ನಾವು, ಆತ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಎಂಬುದನ್ನು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಇಂದಿನ ಕಸುಬುದಾರನ ಮಾತನ್ನು ಮಾತ್ರ ವೇದಿಕೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. (ಮುಧೋಳದ ನಾಯಿಗಾದರೂ ಅದೃಷ್ಟವಿದೆ. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂತು.)

ಕುಂಬಾರಿಕೆಯ, ನೇಕಾರಿಕೆಯ, ಬೇಸಾಯದ ಪದಗಳನ್ನು ನಮ್ಮ ವಿದ್ವಾಂಸರು ಸಂಗ್ರಹಿಸಿದ್ದಾರೆ. ಬನಹಟ್ಟಿಯ ಮಗ್ಗದ ಮುಂದೆ ರೆಕಾರ್ಡರ್ ಹಿಡಿದು ಕೂತವರನ್ನು ನಾನು ಕಂಡಿದ್ದೇನೆ. ಅದೇ ಓಣಿಯ ತುದಿಯ ಗ್ಯಾರೇಜಿನ ಮುಂದೆ ಅವರು ನಿಲ್ಲಲಿಲ್ಲ. ಯಾಕೆಂದರೆ ಅಲ್ಲಿನ ಕನ್ನಡ ಅವರಿಗೆ ಶುದ್ಧವಲ್ಲ. ಪಾನಾ, ಟ್ಯಾಪೆಟ್, ಬೋರು, ಥೌ, ಸೂತ. ಇಂಚಿನ ಎಂಟನೇ ಒಂದು ಭಾಗಕ್ಕೆ ಸೂತ, ಸಾವಿರದ ಒಂದು ಭಾಗಕ್ಕೆ ಥೌ. ಇಪ್ಪತ್ತು ಥೌ ಬೋರು ಹೊಡೆಸಿದ ಬ್ಲಾಕಿಗೆ ಇಪ್ಪತ್ತು ಓವರ್‌ಸೈಜ್ ಪಿಸ್ಟನ್. ಇಷ್ಟು ಕರಾರುವಾಕ್ಕಾಗಿ ಮಾತಾಡುವ ಕನ್ನಡ ನಮ್ಮ ವಿಮರ್ಶೆಯಲ್ಲಿ ಇದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಆ ಗ್ಯಾರೇಜಿನ ಹಿರಿಯರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಕೆಯನ್ನು ಕಿವಿಗಿಟ್ಟುಕೊಂಡು, ಬೇರಿಂಗ್ ಹೋಗಿದೆಯೋ ಟ್ಯಾಪೆಟ್ ಸಡಿಲವೋ ಹೇಳುತ್ತಿದ್ದರು. ಯಾವ ಗಾಡಿಯ ಸಾಮಾನು ಯಾವ ಗಾಡಿಗೆ ಕೂಡುತ್ತದೆ ಎಂಬುದನ್ನು ಒಂದು ಹಳೆಯ ಲೆಕ್ಕದ ವಹಿಯಲ್ಲಿ ಬರೆದಿಟ್ಟಿದ್ದರು, ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಪೆನ್ಸಿಲ್ಲಿನ ಚಿತ್ರ. ಇದನ್ನು ಕೂತು ಸರಿಯಾಗಿ ಬರೆಯೋಣ ಕಾಕಾ ಎಂದೆ. "ಬರೀಲಾಕ ಏನೈತ್ರಿ ಸರ್ ಇದರಾಗ? ಪಾನಾ ತಿರುವಿದಾಗ ಕೈಗೆ ತಿಳಿತೈತಿ" ಎಂದು ನಕ್ಕರು. ಎರಡನೇ ಸಲ ಕೇಳಿದಾಗ, "ಹಂಗಂದ್ರ ಹಂಗಾಮ ಮುಗೀಲಿ, ಬರ್ರಿ" ಎಂದರು. ಹಂಗಾಮ ಮುಗಿಯುವ ಮೊದಲೇ ಅವರು ತೀರಿಕೊಂಡರು. ಗ್ಯಾರೇಜು ಈಗ ಮೊಬೈಲ್ ಅಂಗಡಿ. ಆ ವಹಿ ಮಿಕ್ಕ ಕಾಗದಗಳ ಜೊತೆ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಯಿತು. ಮನೆಯವರನ್ನು ಯಾಕೆ ದೂರಬೇಕು? ಅದು ಪುಸ್ತಕ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಳೆಯ ಗಾಡಿ ಹೊಗೆ ಉಗುಳುತ್ತದೆ, ಗುಜರಿಗೆ ಹೋಗಲಿ ಬಿಡಿ ಎನ್ನುವ ಪರಿಸರಪ್ರೇಮಿಗಳಿಗೆ ಒಂದು ಮಾತು. ಸವೆದ ರಿಂಗಿನಿಂದ, ತಪ್ಪಾಗಿ ಹೊಂದಿಸಿದ ಕಾರ್ಬೊರೇಟರಿನಿಂದ ಹೊಗೆ ಬರುತ್ತದೆ. ಸರಿಯಾಗಿ ಹೊಂದಿಸಲು ಅಳತೆ ಬೇಕು, ಅಳತೆ ಪುಸ್ತಕದಲ್ಲಿದೆ. ಪುಸ್ತಕ ಕೊಡದೆ ಹೊಗೆಯ ಬಗ್ಗೆ ಉಪದೇಶ ಮಾಡುವುದು ಸುಲಭ. ಎಲ್ಲವೂ ಯೂಟ್ಯೂಬಿನಲ್ಲಿದೆ ಎನ್ನುವವರೂ ಇದ್ದಾರೆ. ಇದೆ, ಹಿಂದಿಯಲ್ಲಿ, ಹಾಡಿನ ಜೊತೆ. ಕೈಯಲ್ಲಿ ಪಾನಾ ಹಿಡಿದು ಗಾಡಿಯಡಿ ಮಲಗಿದವನಿಗೆ ಬೇಕಾದದ್ದು ಒಂದು ಅಂಕಿ. ಅದಕ್ಕಾಗಿ ಇಪ್ಪತ್ತು ನಿಮಿಷದ ವಿಡಿಯೊ ಹಿಂದೆಮುಂದೆ ಎಳೆಯುವವನನ್ನು ನೋಡಿದರೆ ಪುಸ್ತಕ ಎಂಬ ವಸ್ತು ಯಾಕೆ ಹುಟ್ಟಿತು ಎಂದು ಗೊತ್ತಾಗುತ್ತದೆ.

ಸರ್ಕಾರ ಮಾಡಲಿ ಎಂದು ಕಾಯುವ ಅಭ್ಯಾಸ ನಮ್ಮ ತಾಲ್ಲೂಕಿನದಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು ರೈತರು, ತಮ್ಮದೇ ದುಡ್ಡು, ತಮ್ಮದೇ ಬೆವರು. ನದಿಗೆ ಅಡ್ಡ ಕಟ್ಟಿದ ಊರಿನವರಿಗೆ ನೂರು ಪುಟದ ಒಂದು ಪುಸ್ತಕ ದೊಡ್ಡದಲ್ಲ. ನಮ್ಮ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ, ಅವರಲ್ಲಿ ಎಷ್ಟೋ ಜನರ ಅಪ್ಪ, ಮಾವ, ಅಣ್ಣ ಗ್ಯಾರೇಜಿನಲ್ಲೇ ಇದ್ದಾರೆ. ಇನ್ನೊಬ್ಬ ಕವಿಯಲ್ಲಿ ಸ್ತ್ರೀಸಂವೇದನೆ ಎಂಬ ಪ್ರಬಂಧದ ಬದಲು ಒಬ್ಬರು ಒಬ್ಬ ಮಿಸ್ತ್ರಿಯ ಜೊತೆ ಒಂದು ತಿಂಗಳು ಕೂರಲಿ. ಒಬ್ಬರಿಗೆ ಆಮ್ನಿ, ಒಬ್ಬರಿಗೆ ಕಮಾಂಡರ್. ಬಿಚ್ಚುವ ಕ್ರಮ, ಅಳತೆ, ಕೂಡುವ ಸಾಮಾನುಗಳ ಪಟ್ಟಿ, ಸಾಮಾನು ಸಿಗುವ ಊರು. ಮಿಸ್ತ್ರಿ ಆಡಿದ ಮಾತಿನಲ್ಲೇ ಬರೆಯಲಿ, ಪಾನಾ ಇದ್ದಲ್ಲಿ ಪಾನಾ ಎಂದೇ ಇರಲಿ. ಪುಸ್ತಕದ ಮೇಲೆ ಮಿಸ್ತ್ರಿಯ ಹೆಸರೂ ಇರಲಿ, ಲೇಖಕನೆಂದೇ.

ಅಂಬಾಸಿಡರಿನ ಮೊದಲ ಪುಟಕ್ಕೆ ಬೇಕಾದಷ್ಟು ನನ್ನ ಹತ್ತಿರ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಂಜಿನ್ 1489 ಸಿಸಿ, ನಾಲ್ಕು ಸಿಲಿಂಡರು. ಬೋರು 73.025 ಮಿಲಿಮೀಟರು, ಸ್ಟ್ರೋಕು 88.9. ಫೈರಿಂಗ್ ಆರ್ಡರ್ 1-3-4-2. ಟ್ಯಾಪೆಟ್ ಸಂದು 15 ಥೌ. ಪ್ಲಗ್ಗಿನ ಸಂದು 25 ಥೌ. ಎರಡನೇ ಪುಟ ಗಿಯರ್ ಬಾಕ್ಸಿನದು. ಅದನ್ನು ಬಲ್ಲವರು ಒಬ್ಬರು ಮಹಾಲಿಂಗಪುರದ ಕಡೆ ಇದ್ದಾರಂತೆ, ಸೋಮವಾರ ಗ್ಯಾರೇಜಿಗೆ ರಜೆ, ಅಂದು ಮಾತಿಗೆ ಸಿಗುತ್ತಾರೆ.